ಓದುಗರ ಪ್ರಶ್ನೆ: ಪಿಯಾನೊ ಮೇಲೆ ಕೈ ಇಡುವ ಕ್ರಮ

ಪ್ರಶ್ನೆ: ಭಜನಾ ಮಂಡಳಿಯಲ್ಲಿ ಹಲವು ವರ್ಷ ಹಾರ್ಮೋನಿಯಂ ನುಡಿಸಿರುವ ನಾನು ಈಗ ಪಿಯಾನೊ ಕಲಿಯುತ್ತಿದ್ದೇನೆ. ಚೆಂಡು ಹಿಡಿದಂತೆ ಬೆರಳುಗಳನ್ನು ಬಾಗಿಸಿ ‘ಸಿ ಪೊಸಿಷನ್’ನಲ್ಲಿ (ಸಿ ಎಂಬ ಸ್ವರದಿಂದ ಸಾಲಾಗಿ ಐದು ಬಿಳಿ ಕೀಗಳ ಮೇಲೆ) ಇಡಬೇಕೆಂದು ಹೇಳಿಕೊಟ್ಟಿದ್ದಾರೆ. ಹಾಗೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮಣಿಕಟ್ಟು ಬಿಗಿಯುತ್ತದೆ, ಕಿರುಬೆರಳು ಮಲಗಿಬಿಡುತ್ತದೆ. ಎಡಗೈಯಂತೂ ಹೇಳಿದ ಮಾತು ಕೇಳುವುದೇ ಇಲ್ಲ. ಏನು ಮಾಡಲಿ?

ಉತ್ತರ: ಬೆರಳುಗಳನ್ನು ದೂರುವ ಮೊದಲು ಆಸನವನ್ನು ನೋಡಿಕೊಳ್ಳಿ. ಆಸನದ ಮುಂದಿನ ಅರ್ಧಭಾಗದಲ್ಲಿ, ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ ಕುಳಿತಾಗ ಮೊಣಕೈ ಕೀಗಳ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಇರಬೇಕು. ಆಸನ ತಗ್ಗಾಗಿದ್ದರೆ ಮಣಿಕಟ್ಟು ಕುಸಿಯುತ್ತದೆ. ಆಮೇಲೆ ಬೆರಳನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ಚೆಂಡಿನ ಹೋಲಿಕೆ ಬಹಳ ಬಳಕೆಯಲ್ಲಿದೆ, ಆದರೆ ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಚೆಂಡನ್ನು ಹಿಡಿಯಬೇಕೆಂದರೆ ಅಂಗೈಯನ್ನು ಬಿಗಿಮಾಡಲೇಬೇಕು. ಅದರ ಬದಲು ಎದ್ದುನಿಂತು ತೋಳನ್ನು ಪಕ್ಕದಲ್ಲಿ ಸಡಿಲವಾಗಿ ಇಳಿಬಿಡಿ. ಬೆರಳುಗಳು ತಾವಾಗಿಯೇ ಎಷ್ಟು ಬಾಗುತ್ತವೆಯೋ ಅಷ್ಟೇ ಬಾಗು ಸಾಕು. ಆ ಆಕಾರ ಕೆಡದಂತೆ ಕೈಯನ್ನು ಎತ್ತಿ ಕೀಗಳ ಮೇಲಿಡಿ. ನಾಲ್ಕು ಬೆರಳುಗಳ ತುದಿಯ ಮೆತ್ತನೆಯ ಭಾಗ ಕೀಗೆ ತಾಗಬೇಕು, ಹೆಬ್ಬೆರಳು ಮಾತ್ರ ಉಗುರಿನ ಪಕ್ಕದ ಅಂಚಿನಿಂದ ತಾಗಬೇಕು. ಕಿರುಬೆರಳು ಮಲಗುವುದಕ್ಕೆ ಸಾಮಾನ್ಯವಾಗಿ ಕಾರಣ ಆ ಬೆರಳಲ್ಲ, ಅಂಗೈ ಹೊರಬದಿಗೆ ವಾಲಿರುವುದು. ಆ ಬದಿಯನ್ನು ಸ್ವಲ್ಪ ಎತ್ತಿದರೆ ಬೆರಳು ತಾನೇ ನಿಲ್ಲುತ್ತದೆ.

ಬಿಗಿತಕ್ಕೆ ಹಾರ್ಮೋನಿಯಂನ ಅಭ್ಯಾಸವೂ ಕಾರಣವಿರಬಹುದು. ಅಲ್ಲಿ ಕೀ ಒತ್ತಿ ಹಿಡಿದಿರುವಷ್ಟು ಹೊತ್ತೂ ತಿದಿಯ ಗಾಳಿಯಿಂದ ಸ್ವರ ಹೊಸದಾಗಿ ಹುಟ್ಟುತ್ತಲೇ ಇರುತ್ತದೆ. ಪಿಯಾನೊದಲ್ಲಿ ಹಾಗಲ್ಲ: ಕೀ ಸುಮಾರು 10 ಮಿಲಿಮೀಟರ್ ಇಳಿಯುವಷ್ಟರಲ್ಲಿ ಒಳಗಿನ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿದಿರುತ್ತದೆ. ಆಮೇಲೆ ನೀವು ಎಷ್ಟು ಅದುಮಿದರೂ ನಾದಕ್ಕೆ ಏನೂ ಸೇರುವುದಿಲ್ಲ, ದಣಿವು ಮಾತ್ರ ಸೇರುತ್ತದೆ. ಸ್ವರ ಕೇಳಿಸಿದ ಕೂಡಲೇ, ಕೀ ಮೇಲೇಳದಂತೆ ತಡೆಯುವಷ್ಟು ಭಾರವನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಒತ್ತಡವನ್ನು ಬಿಟ್ಟುಬಿಡಿ.

ಇನ್ನು ಸಿ ಪೊಸಿಷನ್. ಬಲಗೈ ಹೆಬ್ಬೆರಳು ನಡುವಿನ ಸಿ ಮೇಲೆ, ಉಳಿದ ಬೆರಳುಗಳು ಕ್ರಮವಾಗಿ ಡಿ, ಇ, ಎಫ್, ಜಿ ಮೇಲೆ. ಎಡಗೈಯ ಕಿರುಬೆರಳು ಒಂದು ಸ್ಥಾಯಿ ಕೆಳಗಿನ ಸಿ ಮೇಲೆ, ಹೆಬ್ಬೆರಳು ಜಿ ಮೇಲೆ. ಎರಡೂ ಕೈಗಳಲ್ಲಿ ಹೆಬ್ಬೆರಳೇ 1, ಕಿರುಬೆರಳೇ 5. ಆದ್ದರಿಂದ ಸ ರಿ ಗ ಮ ಪ ನುಡಿಸುವಾಗ ಬಲಗೈ 1ರಿಂದ 5ಕ್ಕೆ ಹೋದರೆ ಎಡಗೈ 5ರಿಂದ 1ಕ್ಕೆ ಬರುತ್ತದೆ. ಇಷ್ಟು ವರ್ಷ ತಿದಿ ಹಾಕಿದ ಎಡಗೈಗೆ ಇದು ಹೊಸ ಕೆಲಸ. ಅದಕ್ಕೆ ಪ್ರತ್ಯೇಕವಾಗಿ ವಿಳಂಬದಲ್ಲಿ ಅಭ್ಯಾಸ ಕೊಟ್ಟು, ನಂತರವೇ ಎರಡೂ ಕೈ ಜೋಡಿಸಿ.

ಈ ಪೊಸಿಷನ್ ಓದಲು ಸುಲಭ, ಕೈಗೆ ಅಷ್ಟು ಸುಲಭವಲ್ಲ. ಉದ್ದ ಬೇರೆಬೇರೆಯಾದ ಐದು ಬೆರಳುಗಳನ್ನು ಒಂದೇ ಸಾಲಿನ ಬಿಳಿ ಕೀಗಳ ಮೇಲೆ ಇಡಬೇಕಾಗುತ್ತದೆ. ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದ ಪೋಲೆಂಡಿನ ಸಂಗೀತಗಾರ ಶೋಪ್ಯಾನ್ (1810–1849) ಶಿಷ್ಯರ ಬಲಗೈಯನ್ನು ಇ, ಎಫ್ ಶಾರ್ಪ್ (ಎಫ್‌ನ ಬಲಕ್ಕಿರುವ ಕಪ್ಪು ಕೀ), ಜಿ ಶಾರ್ಪ್, ಎ ಶಾರ್ಪ್, ಬಿ ಮೇಲೆ ಇಡಿಸುತ್ತಿದ್ದುದು ಇದೇ ಕಾರಣಕ್ಕೆ. ಉದ್ದನೆಯ ಮೂರು ಬೆರಳುಗಳಿಗೆ ಕಪ್ಪು ಕೀಗಳು, ಗಿಡ್ಡನೆಯ ಎರಡಕ್ಕೆ ಬಿಳಿ ಕೀಗಳು. ಇ ಅನ್ನು ಷಡ್ಜವೆಂದು ಹಿಡಿದರೆ ಈ ಐದೂ ಕಲ್ಯಾಣಿಯ ಸ ರಿ ಗ ಮ ಪ ಆಗುತ್ತವೆ, ಹಾಗಾಗಿ ಕಿವಿ ನಿಮಗೆ ನೆರವಾಗುತ್ತದೆ. ದಿನವೂ ಕೆಲವು ನಿಮಿಷ ಇಲ್ಲಿ ನುಡಿಸಿ, ಅದೇ ಸಡಿಲಿಕೆಯೊಂದಿಗೆ ಸಿ ಪೊಸಿಷನ್‌ಗೆ ಬನ್ನಿ. ನೋವು ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ. ವಿಶ್ರಾಂತಿಯ ನಂತರವೂ ಉಳಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಸ್ವರಲಿಪಿಯನ್ನು ಓದದೆ, ಅದರ ಮೇಲೆ ಬರೆದ ಬೆರಳಿನ ಅಂಕಿ ನೋಡಿಕೊಂಡೇ ನುಡಿಸುತ್ತಾಳೆ. ಇದು ಸರಿಯೇ?

ಉತ್ತರ: ಮೊದಲ ಕೆಲವು ವಾರಗಳಿಗೆ ಸರಿ. ಅದೇ ಮುಂದುವರಿದರೆ 1 ಎಂದರೆ ಸಿ ಎಂದೇ ಅವಳ ಮನಸ್ಸಿನಲ್ಲಿ ಕೂತುಬಿಡುತ್ತದೆ. ಗೊತ್ತಿರುವ ಪುಟ್ಟ ಹಾಡೊಂದನ್ನು ಜಿ ಮೇಲೆ ಹೆಬ್ಬೆರಳಿಟ್ಟು ನುಡಿಸಲು ಹೇಳಿ, ಅಂಕಿಗಳಲ್ಲಿ ಸಾಲಿನ ಮೊದಲನೆಯದನ್ನು ಮಾತ್ರ ಉಳಿಸಿ ಮಿಕ್ಕವನ್ನು ಅಳಿಸಿಬಿಡಿ.