ಓದುಗರ ಪ್ರಶ್ನೆ: ಕಾನ್ಸಾಸ್‌ನ ಗ್ರಹಾಂ ಕೌಂಟಿ

ಪ್ರಶ್ನೆ: ಗುಲಾಮಗಿರಿಯಿಂದ ಬಿಡುಗಡೆಯಾದ ಆಫ್ರಿಕನ್ ಅಮೆರಿಕನ್ನರು ಕಟ್ಟಿದ ನಿಕೋಡೆಮಸ್ ದೊಡ್ಡ ಊರಾಗಿ ಬೆಳೆಯಲಿಲ್ಲವೇಕೆ?

ಉತ್ತರ: ರೈಲು ತಪ್ಪಿಹೋಯಿತು. 1877ರಲ್ಲಿ ಕೆಂಟಕಿಯಿಂದ ಹೊರಟ ಕುಟುಂಬಗಳು ಎಲ್ಲಿಸ್ ಪಟ್ಟಣದವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಗಾಡಿ ಕಟ್ಟಿಕೊಂಡು, ಕಾಲ್ನಡೆಯಲ್ಲಿ ಇಲ್ಲಿಗೆ ಸೇರಿದವು. ಮರಮಟ್ಟು ಸಿಗದ ಬಯಲು. ದಿಬ್ಬದ ಮಗ್ಗುಲನ್ನೇ ಅಗೆದು ಒಳಗೆ ವಾಸ ಮಾಡಿದರು. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ತಮ್ಮ ಆಹಾರದಲ್ಲಿ ಪಾಲು ಕೊಟ್ಟರು. ಅಲ್ಲಿಂದ ಹತ್ತು ವರ್ಷದೊಳಗೆ ಅಂಗಡಿ, ಹೋಟೆಲು, ಚರ್ಚು, ಎರಡು ಪತ್ರಿಕೆಗಳು! ಮಿಸ್ಸೂರಿ ಪೆಸಿಫಿಕ್ ರೈಲನ್ನು ಕರೆಸಿಕೊಳ್ಳಲು 1887ರಲ್ಲಿ ಜನ 16,000 ಡಾಲರ್ ಬಾಂಡಿಗೆ ಒಪ್ಪಿ ಮತ ಹಾಕಿದರು. ಆ ರೈಲು ಬರಲೇ ಇಲ್ಲ. 1888ರಲ್ಲಿ ಇನ್ನೊಂದು ಕಂಪನಿಯಾದ ಯೂನಿಯನ್ ಪೆಸಿಫಿಕ್‌ನ ಹಳಿ ಸಾಲೊಮನ್ ನದಿಯ ಆಚೆ, ದಕ್ಷಿಣಕ್ಕೆ ಹಾದುಹೋಯಿತು. ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಆಚೆಯ ಬೋಗ್ ಊರಿಗೆ ಹೋದರು. ಸೋತದ್ದು ಊರಿನವರ ದುಡಿಮೆಯಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು.

ಪ್ರಶ್ನೆ: ಅಲ್ಲಿ ನೆಲೆಸಿದ ಒಂದು ಕುಟುಂಬದ ಜಮೀನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಉತ್ತರ: ಮೊದಲು ಅಮೆರಿಕ ಸರ್ಕಾರದ ಭೂ ಇಲಾಖೆಯಾದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ಜಾಲತಾಣದಲ್ಲಿ ರಾಜ್ಯ, ಕೌಂಟಿ, ಮನೆತನದ ಹೆಸರು ಹಾಕಿ ಹಕ್ಕುಪತ್ರ ತೆಗೆಯಿರಿ, ಶುಲ್ಕವಿಲ್ಲ. ಅದರಲ್ಲಿರುವ ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆಗಳೇ ಮುಂದಿನ ಹುಡುಕಾಟಕ್ಕೆಲ್ಲ ಆಧಾರ. ಅಳತೆಯ ಟೌನ್‌ಶಿಪ್ ಎಂದರೆ ಆರು ಮೈಲಿ ಚೌಕ, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ರೇಂಜ್ ಎಂದರೆ ಆ ಚೌಕಗಳ ಉತ್ತರ-ದಕ್ಷಿಣ ಪಟ್ಟಿ. ಸೆಕ್ಷನ್‌ಗಳ ಎಣಿಕೆ ಈಶಾನ್ಯ ಮೂಲೆಯಿಂದ ಪಶ್ಚಿಮಕ್ಕೆ ಸಾಗಿ, ಮುಂದಿನ ಸಾಲಿನಲ್ಲಿ ಪೂರ್ವಕ್ಕೆ ತಿರುಗುತ್ತದೆ. ಉಳುವಾಗ ಎತ್ತು ಹೊರಳಿದ ಹಾಗೆ. ಪ್ರತಿ ಸಾಲನ್ನೂ ಒಂದೇ ದಿಕ್ಕಿಗೆ ಎಣಿಸಿದರೆ ಬೇರೆ ಯಾರದೋ ಹೊಲಕ್ಕೆ ಹೋಗಿಬಿಡುತ್ತೀರಿ.

ಹಕ್ಕುಪತ್ರದ ತಾರೀಖನ್ನು ಬಂದ ವರ್ಷವೆಂದು ತಿಳಿಯಬೇಡಿ. 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ 160 ಎಕರೆವರೆಗಿನ ಭೂಮಿಗೆ ಐದು ವರ್ಷ ವಾಸ, ಸಾಗುವಳಿ ತೋರಿಸಿದ ಮೇಲೆಯೇ ಪತ್ರ. ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆಗಳನ್ನು ಬರೆದು ರಾಷ್ಟ್ರೀಯ ಅಭಿಲೇಖಾಗಾರದಿಂದ ಅರ್ಜಿಯ ಕಡತ ತರಿಸಿ: ಮನೆಯ ಅಳತೆ, ಉತ್ತ ಎಕರೆ, ಸಾಕ್ಷಿಗಳ ಹೇಳಿಕೆ ಸಿಗುತ್ತವೆ. ಸಾಕ್ಷಿಗಳು ಸಾಮಾನ್ಯವಾಗಿ ಅಕ್ಕಪಕ್ಕದವರು, ಆದ್ದರಿಂದ ಅವರ ಹೆಸರನ್ನೂ ಹುಡುಕಿ. ಐದು ವರ್ಷ ನಿಲ್ಲಲಾಗದೆ ಬಿಟ್ಟುಹೋದವರಿಗೆ ಹಕ್ಕುಪತ್ರವೇ ಇರದು. ಅಂಥವರ ಹೆಸರು ಪ್ರತಿ ತುಂಡು ಭೂಮಿಗೆ ಬಂದ ಅರ್ಜಿಗಳನ್ನು ಬರೆದಿಟ್ಟ ಟ್ರ್ಯಾಕ್ಟ್ ಪುಸ್ತಕದಲ್ಲಿ ಸಿಕ್ಕೀತು.

ಮುಂದಿನ ಮಾರಾಟ, ಅಡಮಾನಗಳಿಗೆ ಕೌಂಟಿ ಕೇಂದ್ರವಾದ ಹಿಲ್ ಸಿಟಿಯ ರಿಜಿಸ್ಟರ್ ಆಫ್ ಡೀಡ್ಸ್ (ಆಸ್ತಿಪತ್ರ ನೋಂದಣಿ) ಕಚೇರಿಯಲ್ಲಿ ಕೊಟ್ಟವರ, ಕೊಂಡವರ ಸೂಚಿ ಎರಡನ್ನೂ ನೋಡಿ. 1890ರ ಜನಗಣತಿ ಬೆಂಕಿಯ ಅನಾಹುತದಲ್ಲಿ ಬಹುಪಾಲು ಹೋಯಿತು. ಕಾನ್ಸಾಸ್‌ಗೆ ಅದೃಷ್ಟವಶಾತ್ 1885, 1895ರ ರಾಜ್ಯ ಗಣತಿಗಳಿವೆ. ಎಲ್ಲಿಂದ ಕಾನ್ಸಾಸ್‌ಗೆ ಬಂದರು ಎಂಬ ಕಲಮೂ ಅವುಗಳಲ್ಲಿದೆ. ಕಾಗುಣಿತ ಗಣತಿಗಾರನ ಕಿವಿಗೆ ಬಿದ್ದ ಹಾಗೆ, ಆದ್ದರಿಂದ ಹೆಸರನ್ನು ನಾಲ್ಕಾರು ಬಗೆಯಲ್ಲಿ ಬರೆದು ಹುಡುಕಿ.

ಪ್ರಶ್ನೆ: ಈಗ ಅಲ್ಲಿ ಏನು ಉಳಿದಿದೆ?

ಉತ್ತರ: 1996ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಎರಡು ಚರ್ಚು, ಸೇಂಟ್ ಫ್ರಾನ್ಸಿಸ್ ಹೋಟೆಲು, ಶಾಲೆ, 1939ರ ಟೌನ್‌ಶಿಪ್ ಹಾಲ್ ಎಂಬ ಸಭಾಭವನ ನಿಂತಿವೆ. ವಂಶಸ್ಥರು ಪ್ರತಿ ಜುಲೈ ಕೊನೆಗೆ ಕೂಡುತ್ತಾರೆ. ಮನೆತನಗಳ ಬಗ್ಗೆ ಕೇಳಿ ತಿಳಿಯುವವರು ಆಗಲೇ ಹೋಗುವುದು ಒಳ್ಳೆಯದು.