ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಶಾಟ್ ಚಾರ್ಟ್‌ನಲ್ಲಿ (ಯಾವ ಜಾಗದಿಂದ ಹೊಡೆದದ್ದು ಎಂದು ತೋರಿಸುವ ಚಿತ್ರ) ಕರ್ರಿಯ ಎಲ್ಲ ಶಾಟ್‌ಗಳೂ ಬುಟ್ಟಿಗೆ ಬಿದ್ದಂತೆ ಬರುತ್ತಿದೆ, ಚಿತ್ರವೂ ಬರೀ ಚುಕ್ಕಿಗಳ ರಾಶಿ. ಶೀರ್ಷಿಕೆಯ ಕನ್ನಡ ಒತ್ತಕ್ಷರವೂ ಒಡೆಯುತ್ತಿದೆ. ಸರಿಮಾಡುವುದು ಹೇಗೆ?

ನಿಮ್ಮದು ಮುಖ್ಯವಾಗಿ ಎರಡು ತೊಂದರೆ. ಒಂದು, ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಟಗಾರ ಸ್ಟೀಫನ್ ಕರ್ರಿಯ 2015-16ರ ಸೀಸನ್ ಡೇಟಾವನ್ನು ಪೈಥಾನ್‌ನಲ್ಲಿ ಇಳಿಸಿಕೊಂಡರೆ ಯಶಸ್ಸಿನ ಪ್ರಮಾಣ ಶೇ 100 ಎಂದು ಬರುತ್ತಿದೆ. ಇನ್ನೊಂದು, ಚುಕ್ಕಿ ಹಾಕಿ ನೋಡಿದರೆ ಯಾವ ಆಟಗಾರನ ಚಿತ್ರವಾದರೂ ಒಂದೇ ಥರ ಕಾಣುತ್ತಿದೆ. ಮೊದಲನೆಯದು ಎರಡು ನಿಮಿಷದ ಕೆಲಸ. ಎರಡನೆಯದಕ್ಕೆ ಸ್ವಲ್ಪ ಕೂತು ಕೆಲಸ ಮಾಡಬೇಕು.

ನೀವು ಬಳಸುತ್ತಿರುವ ಎನ್‌ಬಿಎ ಎಪಿಐ ಪ್ಯಾಕೇಜಿನ ಶಾಟ್ ಚಾರ್ಟ್ ಡೀಟೇಲ್ ಎಂಡ್‌ಪಾಯಿಂಟ್‌ನಲ್ಲಿ 'ಕಾಂಟೆಕ್ಸ್ಟ್ ಮೆಷರ್ ಸಿಂಪಲ್' ಎಂಬ ಪ್ಯಾರಾಮೀಟರ್ ಇದೆ. ನೀವು ಏನೂ ಕೊಡದಿದ್ದರೆ ಅದು 'ಪಿಟಿಎಸ್' ಎಂದು ತೆಗೆದುಕೊಳ್ಳುತ್ತದೆ, ಅಂದರೆ ಪಾಯಿಂಟ್ ತಂದ ಶಾಟ್‌ಗಳು ಮಾತ್ರ. ತಪ್ಪಿದವು ಬರುವುದೇ ಇಲ್ಲ. ಅದನ್ನು 'ಎಫ್‌ಜಿಎ' (ಬಿದ್ದದ್ದು, ತಪ್ಪಿದ್ದು ಸೇರಿ ಹೊಡೆದ ಎಲ್ಲ ಶಾಟ್) ಎಂದು ಬದಲಿಸಿ. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಬಾಕ್ಸ್ ಸ್ಕೋರ್ (ಪಂದ್ಯಗಳ ಅಂಕಿಪಟ್ಟಿ) ಲೆಕ್ಕ ಪಕ್ಕದಲ್ಲಿಟ್ಟುಕೊಳ್ಳಿ: ಆ ರೆಗ್ಯುಲರ್ ಸೀಸನ್‌ನಲ್ಲಿ ಕರ್ರಿ ಹೊಡೆದದ್ದು 1598 ಶಾಟ್, ಬಿದ್ದದ್ದು 805. ಅದರಲ್ಲಿ ಮೂರು ಪಾಯಿಂಟಿನವು 886, ಬಿದ್ದವು 402. ನಿಮ್ಮ ಟೇಬಲ್‌ನ ಸಾಲುಗಳು 1598ರ ಆಸುಪಾಸಿನಲ್ಲಿದ್ದರೆ ಸರಿ. ಒಂದೆರಡು ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 800ರ ಹತ್ತಿರ ಇದ್ದರೆ ಪ್ಯಾರಾಮೀಟರ್ ಇನ್ನೂ ಬದಲಾಗಿಲ್ಲ ಎಂದರ್ಥ.

ಇನ್ನು ಚಿತ್ರದ ವಿಷಯ. ಒಬ್ಬನೇ ಆಟಗಾರನ ಶಾಟ್‌ಗಳನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್ಲರೂ ರಿಮ್ (ಬುಟ್ಟಿಯ ಬಳೆ) ಹತ್ತಿರ ಹೊಡೆಯುತ್ತಾರೆ, ಎಲ್ಲರೂ ಮೂರು ಪಾಯಿಂಟ್ ಗೆರೆಯ ಆಚೆ ನಿಂತು ಹೊಡೆಯುತ್ತಾರೆ. ಅದೇ ಜಾಗದಿಂದ ಲೀಗ್‌ನ ಉಳಿದವರು ಎಷ್ಟು ಹೊಡೆಯುತ್ತಾರೆ, ಎಷ್ಟು ಬೀಳಿಸುತ್ತಾರೆ ಎನ್ನುವುದು ಪಕ್ಕದಲ್ಲಿರಬೇಕು. ಕ್ರಿಕೆಟ್‌ನ ವ್ಯಾಗನ್ ವೀಲ್ ನೋಡಿ ಅಭ್ಯಾಸವಾದ ನಮಗೆ ಗೆರೆ ಎಳೆದರೆ ಸಾಕು ಅನಿಸುತ್ತದೆ, ಆದರೆ ಅಲ್ಲಿ ಕಾಣುವುದು ಬಂದ ರನ್ ಮಾತ್ರ. ಇಲ್ಲಿ ತಪ್ಪಿದ ಶಾಟೂ ಅಷ್ಟೇ ಮುಖ್ಯ.

ಹಾಗಾಗಿ ಲೀಗ್‌ನ ಇಡೀ ಸೀಸನ್ ಡೇಟಾ ಬೇಕು, ಸುಮಾರು ಎರಡು ಲಕ್ಷ ಶಾಟ್. ಪ್ಲೇಯರ್ ಐಡಿ ಸೊನ್ನೆ ಕೊಟ್ಟು 30 ತಂಡಗಳನ್ನು ಒಂದೊಂದಾಗಿ ಕೇಳಿ. ತಂಡಗಳ ಐಡಿ 1610612737ರಿಂದ 1610612766ರವರೆಗೆ ಸಾಲಾಗಿ ಇವೆ (ವಾರಿಯರ್ಸ್‌ದು 1610612744), ಆದ್ದರಿಂದ ಒಂದು ಫಾರ್ ಲೂಪ್ ಸಾಕು. ಎರಡು ರಿಕ್ವೆಸ್ಟ್‌ಗಳ ನಡುವೆ ಒಂದೆರಡು ಸೆಕೆಂಡ್ ಬಿಡಿ, ಟೈಮ್‌ಔಟ್ ಅನ್ನು 60 ಸೆಕೆಂಡಿಗೆ ಏರಿಸಿ, ಬಂದದ್ದನ್ನು ಕೂಡಲೇ ಸಿಎಸ್‌ವಿಗೆ ಬರೆದಿಡಿ. ಕೋಲ್ಯಾಬ್‌ನಂಥ ಕ್ಲೌಡ್ ನೋಟ್‌ಬುಕ್‌ನಿಂದ ಕೇಳಿದರೆ ಸರ್ವರ್ ಉತ್ತರವನ್ನೇ ಕೊಡದೆ ನೇತಾಡುವುದು ಸಾಮಾನ್ಯ. ನಿಮ್ಮ ಲ್ಯಾಪ್‌ಟಾಪ್‌ನಿಂದ ಇಳಿಸಿ ಫೈಲ್ ಅಪ್‌ಲೋಡ್ ಮಾಡಿಕೊಳ್ಳಿ.

ಕೋರ್ಟ್ ಬಿಡಿಸುವಾಗಲೇ ಬಹಳ ಜನ ಎಡವುತ್ತಾರೆ. ಎಕ್ಸ್, ವೈ ಅಂಕಿಗಳು ಅಡಿಯ ಹತ್ತನೇ ಒಂದು ಭಾಗದಲ್ಲಿವೆ, ಮೂಲಬಿಂದು ರಿಮ್‌ನ ನಡುಮಧ್ಯ. ಕೋರ್ಟ್ ಅಗಲ 50 ಅಡಿ, ಹಾಗಾಗಿ ಎಕ್ಸ್ ಮೈನಸ್ 250ರಿಂದ 250. ರಿಮ್‌ನ ಮಧ್ಯಬಿಂದು ಬೇಸ್‌ಲೈನ್‌ನಿಂದ (ಬುಟ್ಟಿಯ ಹಿಂದಿನ ಅಂಚಿನ ಗೆರೆ) 5.25 ಅಡಿ ಒಳಗಿದೆ, ಅರ್ಧ ಕೋರ್ಟ್ 47 ಅಡಿ. ಆದ್ದರಿಂದ ವೈ ಸುಮಾರು ಮೈನಸ್ 52ರಿಂದ 418. ಮೂರು ಪಾಯಿಂಟ್ ಗೆರೆ ಕಮಾನಿನಲ್ಲಿ 23.75 ಅಡಿ, ಮೂಲೆಗಳಲ್ಲಿ ಮಾತ್ರ 22 ಅಡಿ, ಅಲ್ಲಿ ನೇರ ಗೆರೆ. ಇವೆರಡೂ ಸೇರುವ ಜಾಗವನ್ನು ಪೈಥಾಗರಸ್ ಹೇಳುತ್ತಾನೆ: 23.75ರ ವರ್ಗದಿಂದ 22ರ ವರ್ಗ ಕಳೆದು ವರ್ಗಮೂಲ ತೆಗೆದರೆ 8.95 ಅಡಿ. ಅಂದರೆ ಎಕ್ಸ್ 220 ಮತ್ತು ಮೈನಸ್ 220ರಲ್ಲಿ ವೈ 89.5ರವರೆಗೆ ನೇರ ಗೆರೆ, ಅಲ್ಲಿಂದ ವ್ಯಾಸ 475 ಇರುವ ಆರ್ಕ್, 22ರಿಂದ 158 ಡಿಗ್ರಿವರೆಗೆ. ಆ್ಯಸ್ಪೆಕ್ಟ್ ಅನ್ನು 'ಈಕ್ವಲ್' ಮಾಡದಿದ್ದರೆ ಕಮಾನು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಎಡಬಲದ ಗೊಂದಲವೂ ಇದೆ. ನೀವು ಕೋರ್ಟ್ ಬಿಡಿಸಿದ ದಿಕ್ಕಿಗೆ ಎಕ್ಸ್‌ನ ಚಿಹ್ನೆ ಹೊಂದುತ್ತಿದೆಯೇ ಎಂದು ಊಹಿಸಲು ಹೋಗಬೇಡಿ. ಶಾಟ್ ಜೋನ್ ಬೇಸಿಕ್ ಕಾಲಂನಲ್ಲಿ 'ರೈಟ್ ಕಾರ್ನರ್ 3' ಎಂದಿರುವ ಸಾಲುಗಳನ್ನು ಮಾತ್ರ ಬೇರ್ಪಡಿಸಿ ಚುಕ್ಕಿ ಹಾಕಿ ನೋಡಿ. ಅವು ನಿಮ್ಮ ಚಿತ್ರದ ತಪ್ಪು ಬದಿಯಲ್ಲಿ ಬಿದ್ದರೆ ಎಕ್ಸ್ ಅನ್ನು ಮೈನಸ್ ಒಂದರಿಂದ ಗುಣಿಸಿ. ಮೂಲೆಯ ಶಾಟ್‌ಗಳ ಬಗ್ಗೆ ಬರೆಯುವಾಗ ಎಡ ಬಲ ತಿರುಗಿದ್ದರೆ ಇಡೀ ವಿಶ್ಲೇಷಣೆ ತಲೆಕೆಳಗು.

ಈಗ ಚುಕ್ಕಿಗಳ ಬದಲಿಗೆ ಷಡ್ಭುಜಗಳು. ಕರ್ಕ್ ಗೋಲ್ಡ್ಸ್‌ಬೆರಿ ಜನಪ್ರಿಯಗೊಳಿಸಿದ ವಿಧಾನ ಇದು: ಷಡ್ಭುಜದ ಗಾತ್ರ ಎಂದರೆ ಅಲ್ಲಿಂದ ಎಷ್ಟು ಸಲ ಹೊಡೆದ, ಬಣ್ಣ ಎಂದರೆ ಎಷ್ಟು ಚೆನ್ನಾಗಿ ಹೊಡೆದ. ಈ ಎರಡನ್ನು ಬೇರೆ ಬೇರೆಯಾಗಿ ತೋರಿಸುವುದರಲ್ಲೇ ಇದರ ಶಕ್ತಿ ಇರುವುದು. ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಹೆಕ್ಸ್‌ಬಿನ್ ಎಲ್ಲ ಷಡ್ಭುಜಗಳನ್ನೂ ಒಂದೇ ಗಾತ್ರದಲ್ಲಿ ಬಿಡಿಸುತ್ತದೆ, ಆದ್ದರಿಂದ ಅದನ್ನು ಎಣಿಕೆಗೆ ಮಾತ್ರ ಬಳಸಿ. ಎಕ್ಸ್‌ಟೆಂಟ್ ಮೇಲಿನ ಅಳತೆಯೇ ಇರಲಿ, ಗ್ರಿಡ್‌ಸೈಜ್ 30 ಮತ್ತು 16 ಎಂದು ಜೋಡಿಯಾಗಿ ಕೊಡಿ. ಬರೀ 30 ಕೊಟ್ಟರೆ 500ಕ್ಕೆ 470ರ ಈ ಚೌಕಟ್ಟಿನಲ್ಲಿ ಷಡ್ಭುಜ ಸ್ವಲ್ಪ ಚಪ್ಪಟೆಯಾಗುತ್ತದೆ. ಒಂದು ಕೋಶದ ಅಗಲ ಸುಮಾರು 1.7 ಅಡಿ ಬರುತ್ತದೆ. ಅದಕ್ಕಿಂತ ಚಿಕ್ಕದು ಮಾಡಿದರೆ ಕೋಶಕ್ಕೆ ಒಂದೋ ಎರಡೋ ಶಾಟ್ ಉಳಿಯುತ್ತವೆ.

ಇಲ್ಲೊಂದು ಬಲೆ ಇದೆ. ಹೆಕ್ಸ್‌ಬಿನ್‌ಗೆ 'ಸಿ' ಆರ್ಗ್ಯುಮೆಂಟ್‌ನಲ್ಲಿ ಬಿದ್ದಿತೋ ಇಲ್ಲವೋ ಎಂಬ ಕಾಲಂ ಕೊಟ್ಟು ಸರಾಸರಿ ತೆಗೆದರೆ ಖಾಲಿ ಕೋಶಗಳು ಉದುರಿಹೋಗುತ್ತವೆ, ಆಟಗಾರನ ಅರೇ ಮತ್ತು ಲೀಗ್‌ನ ಅರೇ ಉದ್ದ ಹೊಂದುವುದಿಲ್ಲ. ಅದರ ಬದಲು 'ಸಿ' ಕೊಡದೆಯೇ, ಮಿನ್‌ಕೌಂಟ್ ಕೂಡ ಮುಟ್ಟದೆ, ಮೂರು ಸಲ ಎಣಿಸಿ: ಎಲ್ಲ ಶಾಟ್, ಬಿದ್ದ ಎರಡು ಪಾಯಿಂಟ್ ಶಾಟ್, ಬಿದ್ದ ಮೂರು ಪಾಯಿಂಟ್ ಶಾಟ್. ಲೀಗ್‌ಗೂ ಇದೇ ಮೂರು. ಖಾಲಿ ಕೋಶವೂ ಸೊನ್ನೆಯಾಗಿ ಉಳಿಯುವುದರಿಂದ ಆರೂ ಅರೇಗಳು ಒಂದೇ ಉದ್ದ, ಒಂದೇ ಕ್ರಮ. ಎರಡು ಪಾಯಿಂಟಿನ ಎಣಿಕೆಯನ್ನು 2ರಿಂದ, ಮೂರರದನ್ನು 3ರಿಂದ ಗುಣಿಸಿ ಕೂಡಿಸಿ, ಎಲ್ಲ ಶಾಟ್‌ಗಳಿಂದ ಭಾಗಿಸಿದರೆ ಆ ಕೋಶದಲ್ಲಿ ಒಂದು ಶಾಟ್‌ಗೆ ಬಂದ ಪಾಯಿಂಟ್ ಸಿಗುತ್ತದೆ. ಆಟಗಾರನದರಿಂದ ಲೀಗ್‌ನದನ್ನು ಕಳೆದರೆ ಬರುವ ವ್ಯತ್ಯಾಸವೇ ಬಣ್ಣ.

ಶೇಕಡಾವಾರು ಬಿಟ್ಟು ಪಾಯಿಂಟ್ ಏಕೆ ಎಂದರೆ, ಮಿಡ್‌ರೇಂಜ್‌ನಿಂದ (ರಿಮ್‌ಗೂ ಮೂರು ಪಾಯಿಂಟ್ ಗೆರೆಗೂ ನಡುವಿನ ಜಾಗ) ಶೇ 40 ಬೀಳಿಸುವವನು ಶಾಟ್‌ಗೆ 0.80 ಪಾಯಿಂಟ್ ತರುತ್ತಾನೆ, ಗೆರೆಯಾಚೆಯಿಂದ ಶೇ 36 ಬೀಳಿಸುವವನು 1.08. ಬರೀ ಶೇಕಡಾವಾರು ನೋಡಿದರೆ ಮೊದಲನೆಯವನೇ ಚೆನ್ನಾಗಿ ಕಾಣುತ್ತಾನೆ. ಇಷ್ಟೇ ಲೆಕ್ಕ ಲೀಗ್‌ನ ಆಟದ ರೀತಿಯನ್ನೇ ಬದಲಿಸಿತು: 1979-80ರಲ್ಲಿ ಮೂರು ಪಾಯಿಂಟ್ ಗೆರೆ ಬಂದಾಗ ತಂಡವೊಂದು ಪಂದ್ಯಕ್ಕೆ ಸರಾಸರಿ 2.8 ಸಲ ಅಲ್ಲಿಂದ ಹೊಡೆಯುತ್ತಿತ್ತು, 2018-19ರಲ್ಲಿ ಅದು 32. ಗೆರೆ ಹಾದುಹೋಗುವ ಕೋಶಗಳಲ್ಲಿ ಎರಡೂ ಬಗೆಯ ಶಾಟ್ ಬೆರೆತಿರುತ್ತವೆ ಎಂಬ ತಲೆನೋವನ್ನೂ ಪಾಯಿಂಟ್ ಲೆಕ್ಕ ಬಹುಮಟ್ಟಿಗೆ ಕಡಿಮೆ ಮಾಡುತ್ತದೆ.

ಆಮೇಲೆ ಹೆಕ್ಸ್‌ಬಿನ್‌ನ ಆಫ್‌ಸೆಟ್‌ಗಳನ್ನು (ಕೋಶಗಳ ಮಧ್ಯಬಿಂದುಗಳು) ತೆಗೆದುಕೊಂಡು ಸ್ಕ್ಯಾಟರ್‌ನಲ್ಲಿ ಸಣ್ಣಕ್ಷರದ 'ಎಚ್' ಮಾರ್ಕರ್‌ನಿಂದ ಬಿಡಿಸಿ. ದೊಡ್ಡಕ್ಷರದ 'ಎಚ್' ಕೊಟ್ಟರೆ ಷಡ್ಭುಜ ಮಲಗಿಬಿಡುತ್ತದೆ, ಪಕ್ಕಪಕ್ಕದವು ಕೂಡುವುದಿಲ್ಲ. ಸ್ಕ್ಯಾಟರ್‌ನ 'ಎಸ್' ಎಂದರೆ ವಿಸ್ತೀರ್ಣ, ಆದ್ದರಿಂದ ಎಣಿಕೆಯನ್ನು ನೇರವಾಗಿ ಅದಕ್ಕೆ ಕೊಡಬಹುದು, ವರ್ಗ ಮಾಡಬೇಡಿ. ರಿಮ್ ಕೆಳಗಿನ ಕೋಶದಲ್ಲಿ ನೂರಾರು ಶಾಟ್ ಇರುವುದರಿಂದ ಅದರ ಮುಂದೆ ಉಳಿದದ್ದೆಲ್ಲ ಸಾಸಿವೆ ಕಾಳಾಗುತ್ತದೆ. 95ನೇ ಪರ್ಸೆಂಟೈಲ್‌ಗೆ ಮಿತಿ ಹಾಕಿ. ಬಣ್ಣಕ್ಕೆ ನಡುವೆ ಬಿಳಿಚಿದ, ಎರಡು ಬದಿಗೆ ಬೇರೆ ಬೇರೆ ಬಣ್ಣದ ಸ್ಕೇಲ್ ಬೇಕು, ನಡು ಎಂದರೆ ಲೀಗ್ ಸರಾಸರಿ. ಕೆಂಪು ಹಸಿರು ಬೇಡ, ಬಣ್ಣಗುರುಡಿರುವವರಿಗೆ ಅದು ಒಂದೇ. ಕೆಂಪು ನೀಲಿ ಆಗಬಹುದು. ಎರಡೂ ತುದಿಯನ್ನು 0.3 ಪಾಯಿಂಟ್‌ನಲ್ಲಿ ಕಟ್ಟಿಬಿಡಿ, ಮತ್ತು ಎಲ್ಲ ಆಟಗಾರರಿಗೂ ಅದೇ ಮಿತಿ ಇರಲಿ. ಪ್ರತಿ ಚಿತ್ರಕ್ಕೂ ಸ್ಕೇಲ್ ತಾನಾಗಿ ಬದಲಾದರೆ ಇಬ್ಬರನ್ನು ಹೋಲಿಸುವುದು ಸುಳ್ಳಾಗುತ್ತದೆ.

ಇಷ್ಟಾದರೂ ಮೊದಲ ಚಿತ್ರದಲ್ಲಿ ಅಲ್ಲಲ್ಲಿ ಕಡುಗೆಂಪು, ಕಡುನೀಲಿ ಕಾಣುತ್ತದೆ. ಅದು ಕೌಶಲ ಅಲ್ಲ, ಸ್ಯಾಂಪಲ್ ಚಿಕ್ಕದಾಗಿರುವುದರ ಗದ್ದಲ. 100 ತ್ರೀ (ಮೂರು ಪಾಯಿಂಟ್ ಶಾಟ್) ಹೊಡೆದು 36 ಬೀಳಿಸಿದವನ ನಿಜವಾದ ಮಟ್ಟ ಶೇ 27ರಿಂದ 45ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಅಷ್ಟು ಅಗಲ ಆ ಶೇ 95ರ ಅಂತರ. ಕರ್ರಿಯಂತೆ 886 ಹೊಡೆದರೂ ಶೇ 45.4ರ ಆಚೀಚೆ ಮೂರೂಕಾಲು ಅಂಶದಷ್ಟು ಅನುಮಾನ ಉಳಿಯುತ್ತದೆ. ಹೀಗಿರುವಾಗ ಒಂದು ಕೋಶದ ನಾಲ್ಕು ಶಾಟ್‌ನಿಂದ ಏನು ಹೇಳಲಾದೀತು? 2018ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಏಳನೇ ಪಂದ್ಯದಲ್ಲಿ ಹ್ಯೂಸ್ಟನ್ ರಾಕೆಟ್ಸ್ ಸತತ 27 ತ್ರೀ ತಪ್ಪಿಸಿತು, ಒಟ್ಟು 44ರಲ್ಲಿ 7 ಬಿದ್ದವು. ಅದೇ ತಂಡ ಆ ಸೀಸನ್‌ನಲ್ಲಿ ಶೇ 36ರಷ್ಟು ಬೀಳಿಸಿತ್ತು.

ಮದ್ದು ಸುಲಭ: ಪ್ರತಿ ಕೋಶಕ್ಕೂ ಲೀಗ್ ಸರಾಸರಿಯ ಕೆಲವು ಕಾಲ್ಪನಿಕ ಶಾಟ್ ಸೇರಿಸಿ. 50 ಸೇರಿಸಿದಿರಿ ಎನ್ನಿ. ನಾಲ್ಕರಲ್ಲಿ ಮೂರು ಬಿದ್ದ ಕೋಶ, ಲೀಗ್ ಅಲ್ಲಿ ಶೇ 39 ಎಂದರೆ, 3ಕ್ಕೆ 19.5 ಕೂಡಿಸಿ 54ರಿಂದ ಭಾಗಿಸಿ: ಶೇ 75 ಇದ್ದದ್ದು ಶೇ 41.7ಕ್ಕೆ ಇಳಿಯುತ್ತದೆ. ನೂರಾರು ಶಾಟ್ ಇರುವ ಕೋಶ ಇಷ್ಟೊಂದು ಕುಗ್ಗುವುದಿಲ್ಲ. ಪಾಯಿಂಟ್ ಲೆಕ್ಕಕ್ಕೂ ಇದೇ ಸೂತ್ರ. 50 ಎಂಬುದು ದೇವವಾಕ್ಯವಲ್ಲ. 20, 50, 100 ಮೂರನ್ನೂ ಹಾಕಿ ನೋಡಿ, ಮೂರರಲ್ಲೂ ಉಳಿಯುವ ಬಣ್ಣವನ್ನಷ್ಟೇ ನಂಬಿ. ಹೊಳಪು ಕಡಿಮೆಯಾದ ಆ ಚಿತ್ರ ಹಂಚಿಕೊಳ್ಳಲು ಅಷ್ಟೇನೂ ಆಕರ್ಷಕವಲ್ಲ, ಆದರೆ ಅದೇ ನಿಜಕ್ಕೆ ಹತ್ತಿರ.

ವರ್ಷಗಳನ್ನು ಹೋಲಿಸುವ ಆಸೆ ಬಂದರೆ ಒಂದು ಎಚ್ಚರಿಕೆ. ಈ ಡೇಟಾ 1996-97ರಿಂದ ಸಿಗುತ್ತದೆ. ಆದರೆ 1994-95ರಿಂದ 1996-97ರವರೆಗೆ ಗೆರೆಯನ್ನು ಎಲ್ಲ ಕಡೆ 22 ಅಡಿಗೆ ತಂದಿದ್ದರು. ಹಾಗಾಗಿ ಮೊದಲ ಸೀಸನ್‌ನ ಕೋರ್ಟ್ ಬೇರೆಯೇ ಬಿಡಿಸಬೇಕು, ಟ್ರೆಂಡ್ ಗೆರೆಯನ್ನು 1997-98ರಿಂದ ಶುರುಮಾಡುವುದು ಲೇಸು. ಫೌಲ್ ಆಗಿ ತಪ್ಪಿದ ಶಾಟ್ ಈ ಡೇಟಾದಲ್ಲಿ ಶಾಟ್ ಎಂದೇ ಲೆಕ್ಕವಿಲ್ಲ, ಆದ್ದರಿಂದ ರಿಮ್‌ಗೆ ನುಗ್ಗಿ ಫ್ರೀ ಥ್ರೋ (ಫೌಲ್‌ಗೆ ಸಿಗುವ ಒಂದು ಪಾಯಿಂಟಿನ ಹೊಡೆತ) ಗಿಟ್ಟಿಸುವವರ ಬೆಲೆ ಇಲ್ಲಿ ಕಡಿಮೆ ಕಾಣುತ್ತದೆ. ಅಂಥವರಿಗೆ ಫ್ರೀ ಥ್ರೋಗಳನ್ನೂ ಲೆಕ್ಕಕ್ಕೆ ಹಿಡಿಯುವ ಟ್ರೂ ಶೂಟಿಂಗ್ ಪಕ್ಕದಲ್ಲಿ ಬರೆಯಿರಿ: ಪಾಯಿಂಟ್‌ಗಳನ್ನು, ಶಾಟ್‌ಗಳಿಗೆ ಫ್ರೀ ಥ್ರೋಗಳ 0.44 ಪಾಲು ಕೂಡಿಸಿ ಎರಡರಿಂದ ಗುಣಿಸಿದ ಮೊತ್ತದಿಂದ ಭಾಗಿಸಬೇಕು. ಕರ್ರಿಯ ಆ ಸೀಸನ್‌ಗೆ 2375 ಪಾಯಿಂಟ್, 400 ಫ್ರೀ ಥ್ರೋ, ಉತ್ತರ 0.669. ಎದುರಿಗೆ ಯಾರು ಕಾವಲಿದ್ದರು, ಎಷ್ಟು ಹತ್ತಿರ ಇದ್ದರು ಎನ್ನುವುದೂ ಈ ಟೇಬಲ್‌ನಲ್ಲಿ ಇಲ್ಲ.

ಕೊನೆಯದಾಗಿ, ಚಿತ್ರದ ಶೀರ್ಷಿಕೆ ಕನ್ನಡದಲ್ಲಿ ಹಾಕಿದರೆ ಒತ್ತಕ್ಷರ ಒಡೆಯುತ್ತಿದೆ ಎಂದೂ ಬರೆದಿದ್ದೀರಿ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನ ಬಹುತೇಕ ಆವೃತ್ತಿಗಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುತ್ತವೆ, ಸಂಯುಕ್ತಾಕ್ಷರ ಕೂಡಿಸುವ ಕೆಲಸ ಮಾಡುವುದಿಲ್ಲ. ಎಸ್‌ವಿಜಿ ಫಾಂಟ್‌ಟೈಪ್ ಅನ್ನು 'ನನ್' (none) ಎಂದು ಇಟ್ಟು ಎಸ್‌ವಿಜಿಯಾಗಿ ಉಳಿಸಿ, ಬ್ರೌಸರ್‌ನಲ್ಲಿ ತೆರೆಯಿರಿ. ಅಕ್ಷರ ಜೋಡಿಸುವುದನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ಪಿಎನ್‌ಜಿಯೇ ಬೇಕೆಂದರೆ ಅಲ್ಲಿಂದ ರಫ್ತು ಮಾಡಿ. ಆರ್ ಭಾಷೆ ಬಳಸುವವರು ರ್‍ಯಾಗ್ ಪ್ಯಾಕೇಜಿನ ಮೂಲಕ ಉಳಿಸಿದರೆ ಈ ರಗಳೆಯೇ ಇಲ್ಲ.