ಬೆಲ್ಲವೂ ಸಕ್ಕರೆಯೇ, ಅತ್ತೆಗೆ ಹೇಳೋದು ಹೇಗೆ?

ಓದುಗರ ಪ್ರಶ್ನೆಗೆ ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ ಕಡೆಯ ಹಳ್ಳಿ. ಮನೆಯಲ್ಲಿ ನಾಲ್ಕು ಜನ. ಅತ್ತೆಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಸಕ್ಕರೆ ಮುಟ್ಟೋದೇ ಇಲ್ಲ, ಆದರೆ ಕಾಫಿಗೆ ಆಲೆಮನೆಯಿಂದ ತಂದ ಕಪ್ಪು ಬೆಲ್ಲ ಬೇಕೇ ಬೇಕು. ‘ಬೆಲ್ಲದಲ್ಲಿ ಕಬ್ಬಿಣದಂಶ ಇದೆ, ಅದು ಏನೂ ಮಾಡಲ್ಲ’ ಅಂತಾರೆ. ಮಗ ಪಿಯುಸಿ, ಹಾಲಿಗೆ ಮಾಲ್ಟ್ ಪುಡಿ ಇಲ್ಲದಿದ್ದರೆ ಕುಡಿಯಲ್ಲ. ತಿಂಗಳಿಗೆ ನಾಲ್ಕು ಕಿಲೋ ಸಕ್ಕರೆ, ಮೂರು ಕಿಲೋ ಬೆಲ್ಲ ಖರ್ಚಾಗುತ್ತೆ. ಜಾಸ್ತಿ ಆಯ್ತಾ? ಎಲ್ಲಿಂದ ಕಡಿಮೆ ಮಾಡಲಿ?

ಉತ್ತರ: ತಿಂಗಳ ಲೆಕ್ಕ ಬರೆದು ಕಳಿಸಿದ್ದೀರಲ್ಲ, ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು. ‘ನಾವು ಸಿಹಿ ಜಾಸ್ತಿ ತಿನ್ನಲ್ಲ ಮೇಡಂ’ ಅಂತಲೇ ಎಲ್ಲರೂ ಮಾತು ಶುರು ಮಾಡುತ್ತಾರೆ. ದಿನಸಿ ಚೀಟಿ ಹಾಗೆ ಸುಳ್ಳು ಹೇಳುವುದಿಲ್ಲ.

ಬೆಲ್ಲದಲ್ಲಿರುವ ನೀರು, ಖನಿಜಗಳಿಗೆಂದು ಐದರಲ್ಲೊಂದು ಪಾಲು ಕಳೆದುಬಿಡೋಣ. ಆದರೂ ನಿಮ್ಮ ಮನೆಯಲ್ಲಿ ತಲೆಗೆ ದಿನಕ್ಕೆ 53 ಗ್ರಾಂನಷ್ಟು ಸಕ್ಕರೆ ಬೀಳುತ್ತಿದೆ, ಅಂದರೆ ಹತ್ತು ಚಮಚದ ಮೇಲೆ. ದಿನಕ್ಕೆ 2,000 ಕ್ಯಾಲರಿ ಉಣ್ಣುವವರಿಗೆ ಇದು 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ನಾಲ್ಕು ಜನಕ್ಕೆ 25 ಗ್ರಾಂನಂತೆ ಲೆಕ್ಕ ಹಾಕಿದರೆ ತಿಂಗಳಿಗೆ ಮೂರು ಕಿಲೋ. ಬಿಸ್ಕತ್ತು, ಬೇಕರಿ, ಹೋಟೆಲ್ ಕಾಫಿ ಎಲ್ಲ ಅದರೊಳಗೇ ಬರಬೇಕು. ಹಾಗಾಗಿ ಚೀಟಿಯಲ್ಲಿ ಸಕ್ಕರೆ, ಬೆಲ್ಲ ಎರಡೂ ಸೇರಿ ಎರಡು, ಎರಡೂವರೆ ಕಿಲೋಗೆ ಇಳಿದರೆ ಗೆದ್ದಿರಿ. ಒಂದೇ ತಿಂಗಳಲ್ಲಿ ಇಳಿಯಬೇಕಿಲ್ಲ, ಯುಗಾದಿಗೆ ಶುರು ಮಾಡಿ ದಸರಾ ಹೊತ್ತಿಗೆ ಮುಟ್ಟಿದರೂ ಸಾಕು.

ಈಗ ಅತ್ತೆಯವರ ವಿಷಯ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬೆಲ್ಲದಲ್ಲಿ ಕಬ್ಬಿಣದಂಶ ಇದೆ, ನೂರು ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಆಸುಪಾಸು. ಆದರೆ ನಮ್ಮ ದೇಶದ ಲೆಕ್ಕದಂತೆ ನಿಮ್ಮ ವಯಸ್ಸಿನ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅಷ್ಟನ್ನೂ ಬೆಲ್ಲದಿಂದಲೇ ಪಡೆಯಬೇಕೆಂದರೆ ದಿನಾ ಅರ್ಧ ಕಿಲೋ ಮೇಲೆ ಬೆಲ್ಲ ತಿನ್ನಬೇಕಾಗುತ್ತದೆ! ಒಂದು ಚಮಚದಿಂದ ಸಿಗುವುದು ಕಾಲು ಮಿಲಿಗ್ರಾಂ ಅಷ್ಟೆ. ಅದಕ್ಕಿಂತ ಹುರುಳಿ ಸಾರು, ಸೊಪ್ಪಿನ ಪಲ್ಯ ವಾಸಿ. ರಕ್ತಕ್ಕೆ ಹೋದ ಮೇಲೆ ಬೆಲ್ಲ ಆಲೆಮನೆಯದೋ, ಸಕ್ಕರೆ ಕಾರ್ಖಾನೆಯದೋ ಎಂದು ಮೈ ವಿಚಾರಿಸುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು.

ಇದನ್ನೆಲ್ಲ ಅವರ ಮುಂದೆ ವಾದ ಮಾಡಲು ಹೋಗಬೇಡಿ, ಸೋಲುತ್ತೀರಿ. ಗ್ಲೂಕೋಮೀಟರ್ ಇದ್ದರೆ ಒಂದು ದಿನ ಬೆಲ್ಲದ ಕಾಫಿಗೆ ಮುಂಚೆ ಒಮ್ಮೆ, ಕುಡಿದು ಒಂದು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಮತ್ತೊಂದು ದಿನ ಸಿಹಿಯಿಲ್ಲದ ಕಾಫಿ ಕುಡಿದು ಹಾಗೇ ನೋಡಿ. ಎರಡೂ ದಿನ ಬೇರೆ ತಿಂಡಿ ಬೇಡ. ಸೊಸೆಯ ಮಾತಿಗಿಂತ ಆ ಅಂಕಿ ಮೇಲು.

ಒಂದು ಎಚ್ಚರಿಕೆ ಇದೆ. ಮಾತ್ರೆ ತಗೊಳ್ಳುವವರು ಸಿಹಿಯನ್ನು ದಿಢೀರನೆ ಇಳಿಸುವ ಮೊದಲು ತಮ್ಮ ಡಾಕ್ಟರಿಗೆ ಒಂದು ಮಾತು ಹೇಳಬೇಕು, ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಕೈ ನಡುಕ, ಬೆವರು, ಎದೆ ಡವಡವ ಎಂದು ಶುಗರ್ 70ರ ಕೆಳಗಿಳಿದಾಗ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಆಗ ಸಕ್ಕರೆಯೇ ಔಷಧಿ. ಆದ್ದರಿಂದ ಡಬ್ಬಿಯನ್ನು ಮನೆಯಿಂದ ಆಚೆ ಹಾಕಬೇಡಿ.

ಇಳಿಸುವುದು ಎಲ್ಲಿಂದ ಎಂದಿರಿ. ಸಾರಿಗೆ ಹಾಕುವ ಬೆಲ್ಲದ ಚೂರಿನಿಂದಂತೂ ಅಲ್ಲ, ಅದು ನಾಲ್ಕು ಜನಕ್ಕೆ ಹಂಚಿಹೋದರೆ ತಲಾ ಒಂದೆರಡು ಗ್ರಾಂ. ಕೈ ಇಡಬೇಕಾದದ್ದು ಕಾಫಿ ಲೋಟಕ್ಕೆ. ಮೊದಲು ಚಮಚ ನೋಡಿ. ಗೋಪುರದ ಹಾಗೆ ತುಂಬಿದ ಚಮಚವನ್ನೂ ನಾವು ‘ಒಂದು’ ಎಂದೇ ಎಣಿಸುತ್ತೇವೆ. ಎರಡು ವಾರ ಬರೀ ಮಟ್ಟ ಚಮಚ ಹಾಕಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಕಾಲು ಚಮಚ ಕಡಿಮೆ ಮಾಡುತ್ತಾ ಹೋಗಿ. ನಾಲಿಗೆ ಒಗ್ಗಿಕೊಳ್ಳುತ್ತದೆ, ಕೆಲವು ತಿಂಗಳಾದ ಮೇಲೆ ಹಳೆಯ ಅಳತೆಯ ಕಾಫಿ ಕೊಟ್ಟರೆ ಪಾನಕ ಕುಡಿದಂತೆ ಅನ್ನಿಸುತ್ತದೆ. ಇನ್ನೊಂದು ಗುಟ್ಟು ಪುಡಿಯಲ್ಲಿದೆ. ಚಿಕೋರಿ ಹೆಚ್ಚಿದ್ದಷ್ಟೂ ಕಹಿ ಹೆಚ್ಚು, ಆ ಕಹಿ ಮುಚ್ಚಲು ಸಕ್ಕರೆ. ಪ್ಯಾಕೆಟ್ ಪುಡಿಯಲ್ಲಿ ಚಿಕೋರಿ ಸುಮಾರು ಅರ್ಧದವರೆಗೂ ಇರಲು ಕಾನೂನಿನಲ್ಲೇ ಅವಕಾಶವಿದೆ. ಪುಡಿ ಮಾಡಿಕೊಡುವ ಅಂಗಡಿಯಲ್ಲಿ ‘ಎಂಬತ್ತು ಇಪ್ಪತ್ತು’ ಹಾಕಿಸಿ, ಡಿಕಾಕ್ಷನ್ ಆವತ್ತಿನದು ಆವತ್ತೇ ಇಳಿಸಿ. ನಾನು ಸಕ್ಕರೆ ಬಿಟ್ಟದ್ದು ಹೀಗೆ, ಮನೋಬಲದಿಂದೇನೂ ಅಲ್ಲ.

ಮಗನ ಮಾಲ್ಟ್ ಡಬ್ಬಿಯ ಹಿಂಬದಿ ಓದಿ. ಎಷ್ಟೋ ಪುಡಿಗಳಲ್ಲಿ ಮೂರರಲ್ಲೊಂದು ಪಾಲು ಸಕ್ಕರೆಯೇ ಇರುತ್ತದೆ, ಅದರ ಮೇಲೆ ನಾವು ಇನ್ನೊಂದು ಚಮಚ ಹಾಕುತ್ತೇವೆ. ಇಂಥವನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಮಾರಾಟ ತಾಣಗಳಿಗೆ ತಿಳಿಸಿತ್ತು. ಮೇಲಿನ ಸಕ್ಕರೆ ಈಗಲೇ ನಿಲ್ಲಿಸಿ, ಪುಡಿಯನ್ನು ಮುಂದಿನ ತಿಂಗಳು ಅರ್ಧ ಮಾಡಿ. ರಾಗಿ ಹುರಿಹಿಟ್ಟಿಗೆ ಏಲಕ್ಕಿ ಹಾಕಿ ಕೊಟ್ಟರೆ ಕುಡಿಯುತ್ತಾನೋ ನೋಡಿ. ಕುಡಿಯದಿದ್ದರೆ ಹೊಟ್ಟೆ ತುಂಬ ಊಟ ಮಾಡುವ ಪಿಯುಸಿ ಹುಡುಗನಿಗೆ ಬರೀ ಹಾಲು ಸಾಕು.

ಪ್ರಶ್ನೆ: ಬೆಂಗಳೂರಿನಲ್ಲಿ ಐಟಿ ಕೆಲಸ, ವಯಸ್ಸು 31. ಸಕ್ಕರೆ ಪೂರ್ತಿ ಬಿಟ್ಟಿದ್ದೇನೆ. ‘ನೋ ಆ್ಯಡೆಡ್ ಶುಗರ್’ ಜ್ಯೂಸ್, ಡೇಟ್ಸ್ ಸಿರಪ್, ಕಾಫಿಗೆ ಸ್ವೀಟ್ನರ್ ಮಾತ್ರೆ ಬಳಸುತ್ತೇನೆ. ತೂಕ ಇಳಿದಿಲ್ಲ, ಯಾಕೆ?

ಉತ್ತರ: ಸಕ್ಕರೆ ಬಿಟ್ಟಿಲ್ಲ ನೀವು, ಅದರ ಹೆಸರು ಬದಲಾಗಿದೆ. ಹಣ್ಣು ಹಿಂಡಿ ನಾರು ತೆಗೆದ ಮೇಲೆ ಉಳಿಯುವ ರಸದ ಸಿಹಿಯನ್ನೂ, ಸಿರಪ್‌ಗಳ ಸಿಹಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಒಂದು ಲೋಟ ಜ್ಯೂಸಿಗೆ ಮೂರು ಕಿತ್ತಳೆ ಬೇಕು, ಕುಡಿಯಲು ಅರ್ಧ ನಿಮಿಷ ಸಾಕು. ಆ ಮೂರನ್ನು ಸುಲಿದು ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ. ಸ್ವೀಟ್ನರ್‌ಗಳನ್ನು ತೂಕ ಇಳಿಸಲೆಂದು ನಂಬಿ ಬಳಸಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು, ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸದು. ನನ್ನ ತಕರಾರು ಬೇರೆ. ಮಾತ್ರೆ ಹಾಕಿದಷ್ಟು ದಿನ ನಾಲಿಗೆಗೆ ಸಿಹಿಯ ಚಟ ಹಾಗೇ ಇರುತ್ತದೆ. ಪೊಟ್ಟಣ ಕೊಳ್ಳುವಾಗ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರೊಳಗೆ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಕಂಡರೆ ವಾಪಸ್ ಇಟ್ಟುಬಿಡಿ.

ಪ್ರಶ್ನೆ: ಹಬ್ಬಕ್ಕೆ ಕಡಿಮೆ ಸಕ್ಕರೆಯ ಮೈಸೂರು ಪಾಕ್ ಮಾಡಲು ಹೋಗಿ ಪುಡಿಪುಡಿಯಾಯಿತು. ಅಳತೆ ಹೇಳಿ.

ಉತ್ತರ: ಅಂಥ ಅಳತೆ ಇಲ್ಲ. ಅಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಎಳೆಪಾಕ ಗಟ್ಟಿಯಾದರೇ ತುಂಡು ನಿಲ್ಲುವುದು. ಸರಿಯಾದದ್ದನ್ನೇ ಮಾಡಿ, ಚಿಕ್ಕದಾಗಿ ಕತ್ತರಿಸಿ, ಒಂದು ತುಂಡು ಸವಿದು ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚಿ. ಪಾಯಸ, ಕೇಸರಿಬಾತಿನ ಕತೆ ಬೇರೆ, ಅಲ್ಲಿ ಮೂರರಲ್ಲೊಂದು ಪಾಲು ಸಿಹಿ ತೆಗೆದರೂ ಹದ ಕೆಡದು. ಬೆಲ್ಲದ ಪಾಯಸವಾದರೆ ಬೇಳೆ ಪೂರ್ತಿ ಬೆಂದ ಮೇಲೆ ಬೆಲ್ಲ ಹಾಕಿ, ಮೊದಲೇ ಹಾಕಿದರೆ ಬೇಳೆ ಬೇಯುವುದಿಲ್ಲ.